ಮನೋವೈದ್ಯರ ಕೋಣೆಯಲ್ಲಿ ಹತ್ತು ನಿಮಿಷ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ "ಇವನ್ನ ಧಾರವಾಡಕ್ಕ ಕಳಸಬೇಕು" ಎಂಬ ಮಾತಿಗೆ ಎರಡು ಅರ್ಥಗಳುಂಟು. ಓದಿನಲ್ಲಿ ಮುಂದಿರುವ ಹುಡುಗನನ್ನು ಕುರಿತು ಆಡಿದರೆ ಅದು ಕಾಲೇಜಿನ ಮಾತು. ಮಂಕಾಗಿ ಮೂಲೆ ಹಿಡಿದು ಕುಳಿತವನನ್ನು ಕುರಿತು ಆಡಿದರೆ, 1845ರಲ್ಲಿ ಹುಚ್ಚಾಸ್ಪತ್ರೆಯೆಂದು ಆರಂಭವಾದ ಸಂಸ್ಥೆಯ ಮಾತು. ಮೊದಲನೆಯದನ್ನು ಮನೆಯವರು ಊರಿಗೆಲ್ಲ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ನೆರೆಮನೆಗೂ ತಿಳಿಯದಂತೆ ಮುಚ್ಚಿಡುತ್ತಾರೆ. ಆ ಸಂಸ್ಥೆ ಈಗ ಡಿಮ್ಹಾನ್ಸ್ ಎಂಬ ಹೆಸರಿನಿಂದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿದೆ. ಅಲ್ಲಿಗೆ ಬರುವವರಲ್ಲಿ ಬಹುಮಂದಿ ವೈದ್ಯರಿಗೆ ತೋರಿಸಿಕೊಂಡು ಅಂದೇ ಊರಿಗೆ ಮರಳುತ್ತಾರೆ. ಆದರೂ ಹಳೆಯ ಹೆಸರಿನ ಅಂಜಿಕೆ ಜನರ ಮನಸ್ಸಿನಿಂದ ಅಳಿದಿಲ್ಲ.

ಧಾರವಾಡದವರೆಗೆ ಹೋಗಲೇಬೇಕೆಂಬ ನಿರ್ಬಂಧವೂ ಈಗ ಉಳಿದಿಲ್ಲ. 2014ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶವೇ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡಬೇಕೆಂಬುದು. ತಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗುವುದು ಒಳ್ಳೆಯದು. ಹಾವೇರಿಯ ಜಿಲ್ಲಾ ಆಸ್ಪತ್ರೆಯಿದೆ. ಹೆದ್ದಾರಿಯ ಮೇಲಿರುವ ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ದೂರವಲ್ಲ. ಹೀಗಿದ್ದೂ ಜನರು ಹೋಗುವುದಿಲ್ಲ. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92ರವರೆಗೆ ಇದ್ದುದು ಕಂಡುಬಂದಿತು. 13ರಿಂದ 17 ವಯಸ್ಸಿನವರಲ್ಲಿಯೇ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ತೊಂದರೆಯಿತ್ತು. ಕರ್ನಾಟಕವು ಆ ಹನ್ನೆರಡರಲ್ಲಿ ಸೇರಿರಲಿಲ್ಲ. ಆದರೆ ನಮ್ಮ ಸ್ಥಿತಿ ಬಹಳ ಬೇರೆಯಾಗಿದ್ದೀತೆಂದು ನನಗೆ ತೋರುವುದಿಲ್ಲ.

ಹಾಗಾದರೆ ಆ ಕೋಣೆಯಲ್ಲಿ ನಡೆಯುವುದಾದರೂ ಏನು? ಮುಖ್ಯವಾಗಿ ಮಾತುಕತೆ. ಮನಸ್ಸಿನ ಖಿನ್ನತೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಕ್ಷಕಿರಣವಾಗಲಿ ಇನ್ನೂ ಇಲ್ಲ. ಆದುದರಿಂದ ರೋಗಿಯ ವೃತ್ತಾಂತವೇ ಮನೋವೈದ್ಯರ ಮುಖ್ಯ ಸಾಧನ. ತೊಂದರೆ ಎಂದಿನಿಂದ, ನಿದ್ರೆ ಹೇಗೆ, ಹಸಿವೆ ಹೇಗೆ, ಓದಿದ್ದು ತಲೆಯಲ್ಲಿ ನಿಲ್ಲುವುದೇ, ಮೊದಲು ಹಿಡಿಸುತ್ತಿದ್ದ ಆಟಪಾಟಗಳು ಈಗಲೂ ಹಿಡಿಸುವುವೇ ಎಂದು ಕೇಳುತ್ತಾರೆ. ತಲೆಗೆ ಪೆಟ್ಟು ಬಿದ್ದಿತ್ತೇ, ಮೂರ್ಛೆ ಬರುತ್ತಿತ್ತೇ, ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಗುಟಕಾ ಅಥವಾ ಮದ್ಯದ ರೂಢಿಯುಂಟೇ ಎಂದೂ ಕೇಳಬಹುದು. ಇವು ಪೊಲೀಸರ ಪ್ರಶ್ನೆಗಳಲ್ಲ. ಒಂದೊಂದು ಉತ್ತರವೂ ಒಂದು ಕಾಯಿಲೆಯ ಕಡೆಗೆ ಬೆರಳು ತೋರಿಸುತ್ತದೆ, ಇನ್ನೊಂದನ್ನು ದೂರ ಸರಿಸುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾದರೆ, ಇಲ್ಲವೆ ರಕ್ತಹೀನತೆಯಿದ್ದರೆ, ಮನುಷ್ಯನು ಖಿನ್ನತೆಯವನಂತೆಯೇ ಬಳಲುವನು. ಆದುದರಿಂದ ಕೆಲವೊಮ್ಮೆ ರಕ್ತಪರೀಕ್ಷೆಗೆ ಬರೆದುಕೊಡುವುದೂ ಉಂಟು.

ನಡುವೆ ಕೆಲವು ವಿಚಿತ್ರ ಪ್ರಶ್ನೆಗಳು ಬಂದರೆ ವಿದ್ಯಾರ್ಥಿಗಳು ಗಾಬರಿಪಡಬಾರದು. ಇಂದು ಯಾವ ವಾರ? 100ರಿಂದ ಏಳೇಳನ್ನು ಕಳೆಯುತ್ತ ಹೋಗಿರಿ. ಈ ಮೂರು ಪದಗಳನ್ನು ನೆನಪಿನಲ್ಲಿಡಿರಿ, ಆಮೇಲೆ ಕೇಳುತ್ತೇನೆ. ಈ ಗಾದೆಯ ಅರ್ಥವೇನು? 93, 86, 79 ಎಂದು ಹೇಳಿಸುವುದು ಗಣಿತದ ಪರೀಕ್ಷೆಗಲ್ಲ, ಅವಧಾನ ಎಷ್ಟು ಹೊತ್ತು ಒಂದೆಡೆ ನಿಲ್ಲುತ್ತದೆಂಬುದನ್ನು ಅಳೆಯುವುದಕ್ಕೆ. ಇದರಲ್ಲಿ ಪಾಸು ನಪಾಸುಗಳಿಲ್ಲ.

ಉತ್ತರ ಕೊಡುವಾಗ ಮೊಬೈಲಿನಲ್ಲಿ ಓದಿದ ಇಂಗ್ಲಿಷ್ ಹೆಸರುಗಳನ್ನು ಹೇಳಬೇಕಾಗಿಲ್ಲ. "ಎದಿ ಡವಡವ ಅಂತದರಿ", "ತಲಿ ಭಾರ ಆಗತದರಿ", "ಯಾತರ ಮ್ಯಾಲೂ ಮನಸಿಲ್ಲರಿ" ಎಂದು ನಮ್ಮ ಆಡುಮಾತಿನಲ್ಲಿ ಹೇಳಿದರೆ ಸಾಕು. ಆ ಮಾತುಗಳಲ್ಲಿ ಹೆಸರಿಗಿಂತ ಹೆಚ್ಚಿನ ತಿಳಿವಳಿಕೆ ಅಡಗಿದೆ. ಮೊದಲು ಎಲ್ಲೆಲ್ಲಿ ತೋರಿಸಿದಿರಿ ಎಂದು ಕೇಳಿದಾಗ ತಾಯಿತ, ಹರಕೆಗಳನ್ನು ಮರೆಮಾಚುವ ಅಗತ್ಯವೂ ಇಲ್ಲ. ಶಿಶುನಾಳದ ಗದ್ದುಗೆಗೆ ಹೋಗಿ ಬಂದುದನ್ನು ನಾವು ಯಾರಿಂದಲೂ ಮುಚ್ಚಿಡುವುದಿಲ್ಲ. ವೈದ್ಯರಿಂದ ಮಾತ್ರ ಏಕೆ ಮುಚ್ಚಿಡಬೇಕು?

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಭಾಗದಲ್ಲಿ ರೋಗಿಯು ಒಬ್ಬನೇ ವೈದ್ಯರಲ್ಲಿಗೆ ಹೋಗುವ ಪದ್ಧತಿಯಿಲ್ಲ. ಅಪ್ಪ, ಅವ್ವ, ಕಾಕಾ, ಕೆಲವೊಮ್ಮೆ ಓಣಿಯ ಹಿರಿಯರೊಬ್ಬರು ಕೂಡಿಯೇ ಒಳಗೆ ಬರುತ್ತಾರೆ. ವೈದ್ಯರು ಹುಡುಗನ ಕಡೆ ನೋಡಿ "ಏನ ಆಗತದಪಾ ನಿನಗ?" ಎನ್ನುತ್ತಾರೆ. ಉತ್ತರ ಕಾಕಾನಿಂದ ಬರುತ್ತದೆ: "ಏನಿಲ್ರಿ ಸಾಹೇಬ್ರ, ಅಂವ ಭಾಳ ವಿಚಾರ ಮಾಡತಾನ." ಅವ್ವ "ಊಟಾನ ಮಾಡೂದಿಲ್ರಿ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅಪ್ಪ ಮೊಬೈಲನ್ನು ದೂರುತ್ತಾರೆ. ಹುಡುಗ ನೆಲ ನೋಡುತ್ತಾನೆ. ಹೊರಗೆ ಸಾಲು ಬೆಳೆಯುತ್ತಿರುತ್ತದೆ. ಹತ್ತು ನಿಮಿಷ ಮುಗಿಯುತ್ತದೆ.

ಮನೆಯವರ ಮಾತು ಬೇಡವೆಂದಲ್ಲ. ಎರಡು ವರ್ಷದ ಹಿಂದೆ ಹುಡುಗ ಹೇಗಿದ್ದನು, ರಾತ್ರಿಯೆಲ್ಲ ಎದ್ದು ತಿರುಗುತ್ತಾನೆಯೇ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆಯೇ ಎಂಬುದನ್ನು ಅವರೇ ಬಲ್ಲರು. ಕೆಲವು ಕಾಯಿಲೆಗಳಲ್ಲಿ ರೋಗಿಗೆ ತನ್ನ ಬದಲಾವಣೆ ತಿಳಿಯುವುದೇ ಇಲ್ಲ. ಆದರೆ ತಂದೆಯ ಎದುರಿಗೆ ಹೇಳಲಾರದ ಸಂಗತಿಗಳು ಹದಿನೇಳು ವರ್ಷದವನ ಬಳಿ ಎಷ್ಟೋ ಇರುತ್ತವೆ: ಮುಚ್ಚಿಟ್ಟ ಅಂಕಪಟ್ಟಿ, ಮುರಿದ ಪ್ರೀತಿ, ಕಿವಿಯಲ್ಲಿ ಕೇಳಿಸುವ ಧ್ವನಿ, ಬಂಧುವೊಬ್ಬನ ಕಿರುಕುಳ, ಬದುಕು ಸಾಕೆಂಬ ಯೋಚನೆ. ರೋಗದ ಬೇರು ಅಲ್ಲಿಯೇ ಇರಬಹುದು. ಆದುದರಿಂದ ಆ ಹತ್ತು ನಿಮಿಷದಲ್ಲಿ ಅರ್ಧವನ್ನಾದರೂ ಮನೆಯವರು ಹೊರಗೆ ಕಳೆಯಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವರಿಗೆ ತೋಚದಿದ್ದರೆ ವಿದ್ಯಾರ್ಥಿಯೇ "ಡಾಕ್ಟ್ರ, ನಾ ಒಬ್ಬನ ಸ್ವಲ್ಪ ಮಾತಾಡಬೇಕ್ರಿ" ಎಂದು ಕೇಳಬೇಕು. ಬಾಯಿ ಬಾರದಿದ್ದರೆ ಹಿಂದಿನ ರಾತ್ರಿ ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಬಹುದು.

ಹೇಳಿದ್ದು ಹೊರಗೆ ಹೋಗದೇ? 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ಗುಟ್ಟನ್ನು ಕಾಪಾಡುವುದನ್ನು ವೈದ್ಯರ ಕರ್ತವ್ಯವನ್ನಾಗಿ ಮಾಡಿದೆ. ಶಾಲೆಗಾಗಲಿ ಊರವರಿಗಾಗಲಿ ಅವರು ಹೇಳುವಂತಿಲ್ಲ. 18 ವರ್ಷ ತುಂಬಿದವರು ತಮ್ಮ ಪರವಾಗಿ ನಿಲ್ಲತಕ್ಕವರನ್ನು ತಾವೇ ಹೆಸರಿಸಬಹುದು. ಅದಕ್ಕಿಂತ ಚಿಕ್ಕವರಿಗೆ ಪೋಷಕರೇ ಪ್ರತಿನಿಧಿಗಳಾದುದರಿಂದ ಚಿಕಿತ್ಸೆಯ ವಿಷಯ ಅವರಿಗೆ ತಿಳಿಯಲೇಬೇಕು. ಜೀವಕ್ಕೆ ಅಪಾಯವಿದ್ದರೆ ವೈದ್ಯರು ಸುಮ್ಮನಿರಲಾರರು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯಿದೆಯಂತೆ ಅದನ್ನು ವರದಿ ಮಾಡಲೇಬೇಕು. ಈ ಮಿತಿಗಳನ್ನು ಮೊದಲೇ ತಿಳಿದಿರುವುದು ಮೇಲು. ಏನನ್ನು ಯಾರಿಗೆ ಹೇಳುವಿರಿ ಎಂದು ವೈದ್ಯರನ್ನು ನೇರವಾಗಿ ಕೇಳುವುದು ಅವಿನಯವಲ್ಲ.

ಸಾಯುವ ಯೋಚನೆ ಬರುತ್ತದೆಯೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂಬುದು ಅಧ್ಯಯನಗಳಿಂದ ತಿಳಿದ ವಿಷಯ. ಬರುತ್ತಿದ್ದರೆ ಹೌದೆನ್ನಬೇಕು. ಅದು ಅಪರಾಧವಲ್ಲ, ಪ್ರಯತ್ನಿಸಿದವನನ್ನು ಕೂಡ ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಬೇಕೆಂದು ಅದೇ 2017ರ ಕಾಯಿದೆ ಹೇಳುತ್ತದೆ. ಮಂಗಳವಾರದವರೆಗೆ ಕಾಯಲಾಗದಂಥ ರಾತ್ರಿ ಬಂದರೆ ಮನೆಯವರನ್ನು ಎಬ್ಬಿಸಬೇಕು, ಇಲ್ಲವೆ 14416ಕ್ಕೆ ಕರೆಮಾಡಬೇಕು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು, ಹಣ ಬೇಕಿಲ್ಲ.

ವಿದ್ಯುತ್ ಚಿಕಿತ್ಸೆಯ ಭಯವನ್ನು ಚಲನಚಿತ್ರಗಳು ಬಿತ್ತಿವೆ. ಅರಿವಳಿಕೆಯಿಲ್ಲದೆ ಅದನ್ನು ಕೊಡುವುದು ಈಗ ಕಾನೂನಿಗೆ ವಿರುದ್ಧ. 18 ವರ್ಷದೊಳಗಿನವರಿಗಂತೂ ಪೋಷಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಪೂರ್ವಾನುಮತಿಯೂ ಇಲ್ಲದೆ ಕೊಡುವಂತಿಲ್ಲ. ಮೊದಲ ದಿನ ಬಹುಮಂದಿಗೆ ಸಿಗುವುದು ಒಂದಿಷ್ಟು ಸಲಹೆ, ಬೇಕೆನಿಸಿದರೆ ಮಾತ್ರೆ. ಕೆಲವರಿಗೆ ಮಾತ್ರೆಯಿಲ್ಲದೆ ಆಪ್ತಸಮಾಲೋಚನೆ ಮಾತ್ರ. ಕಾಯಿಲೆಯ ಹೆಸರು ಅಂದೇ ನಿಶ್ಚಯವಾಗದೆಯೂ ಇರಬಹುದು. ಖಿನ್ನತೆಯ ಔಷಧ ಫಲ ತೋರಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಹಿಡಿಯುತ್ತದೆ, ಆದರೆ ಹೊಟ್ಟೆ ತೊಳಸುವಿಕೆ ಮೊದಲಾದ ಸಣ್ಣ ಉಪದ್ರವಗಳು ಮೊದಲ ವಾರದಲ್ಲಿಯೇ ಕಾಣಬಹುದು. ಗುಣ ಕಾಣುವ ಮೊದಲೇ ಉಪದ್ರವ ಕಂಡಿತೆಂದು ಎಷ್ಟೋ ಮಂದಿ ಹತ್ತನೆಯ ದಿನ ಮಾತ್ರೆಯನ್ನು ಎಸೆಯುತ್ತಾರೆ. ಹಾಗೆ ತಾವೇ ನಿಲ್ಲಿಸದೆ ಅದೇ ಚೀಟಿಯನ್ನು ಹಿಡಿದು ಹೇಳಿದ ದಿನ ಮತ್ತೆ ಹೋಗಿ, ಆಗಿದ್ದನ್ನು ಆದಂತೆ ಹೇಳಬೇಕು. ಎರಡನೆಯ ಸಲ ಕಾಕಾ ಬರದಿದ್ದರೂ ನಡೆದೀತು.