ಕಡಲಡಿಯ ಮದ್ದುಗುಂಡು: ಅಗ್ಗದ ಟೆಂಡರಿನ ದುಬಾರಿ ಲೆಕ್ಕ

ಅಗ್ಗವೆಂದು ಮುಗ್ಗಿದ ಜೋಳ ಕೊಂಡವನ ಕಥೆ ವರ್ತಕರಿಗೆ ಹೊಸದಲ್ಲ. ಖರೀದಿಯ ದಿನ ಉಳಿದಂತೆ ಕಂಡ ಹಣ ಮಾರಾಟದ ದಿನ ಇಮ್ಮಡಿಯಾಗಿ ಕೈಬಿಟ್ಟು ಹೋಗುತ್ತದೆ. ಇದೇ ತಪ್ಪನ್ನು ಸರ್ಕಾರಗಳೂ ಸೇನಾ ಇಲಾಖೆಗಳೂ ಮಾಡಿದಾಗ ನಷ್ಟವು ಒಂದು ಅಂಗಡಿಯ ಲೆಕ್ಕಕ್ಕೆ ಸೀಮಿತವಾಗದೆ ಇಡೀ ಕಡಲಿನ ಮೇಲೆ ಬೀಳುತ್ತದೆ. ಯುದ್ಧಕಾಲದಲ್ಲಿಯೂ ಸೈನಿಕ ತಾಲೀಮಿನ ಕಾಲದಲ್ಲಿಯೂ ಸಮುದ್ರತಳ ಸೇರಿದ ಬಾಂಬು, ಮೈನು, ಟಾರ್ಪೆಡೊಗಳನ್ನು ತೆರವುಗೊಳಿಸುವ ಕಾರ್ಯವು ಇಂದು ಯೂರೋಪು ಮತ್ತು ಅಮೆರಿಕಗಳಲ್ಲಿ ಒಂದು ಪ್ರತ್ಯೇಕ ಗುತ್ತಿಗೆ ಉದ್ಯಮವಾಗಿ ಬೆಳೆದಿದೆ. ಈ ಕಾರ್ಯದಲ್ಲಿ ಕಡಲಜೀವಿಗಳ ನೆಲೆಗಳನ್ನು ಕಾಪಾಡುವುದು ಟೆಂಡರಿನ ಷರತ್ತಾಗಬೇಕೇ ಅಥವಾ ಗುತ್ತಿಗೆದಾರನ ಇಚ್ಛೆಗೆ ಬಿಟ್ಟ ಸೌಜನ್ಯವಾಗಿ ಉಳಿಯಬೇಕೇ ಎಂಬುದು ಈಗಿನ ಪ್ರಶ್ನೆ. ಷರತ್ತೇ ಆಗಬೇಕು ಎನ್ನುವುದಕ್ಕೆ ಬಾಲ್ಟಿಕ್ ಸಮುದ್ರದ ಅನುಭವವು ಸಾಕಷ್ಟು ಆಧಾರ ಒದಗಿಸುತ್ತದೆ.

ಹಳೆಯ ಗುತ್ತಿಗೆಯ ದೋಷ

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನಿಯ ಉಗ್ರಾಣಗಳಲ್ಲಿ ಅಪಾರ ಪ್ರಮಾಣದ ಮದ್ದುಗುಂಡು ಉಳಿದಿತ್ತು. ವಿಜಯಿ ರಾಷ್ಟ್ರಗಳು ಅದನ್ನು ಆದಷ್ಟು ಬೇಗ ವಿಲೇವಾರಿ ಮಾಡಲು ಬಯಸಿದವು. ಅಂದಿನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುಲಭವಾದ, ಎಲ್ಲಕ್ಕಿಂತ ಅಗ್ಗವಾದ ದಾರಿಯೆಂದರೆ ಸಮುದ್ರ. ಮೀನುಗಾರರ ದೋಣಿಗಳನ್ನೂ ಈ ಕೆಲಸಕ್ಕೆ ಗೊತ್ತುಮಾಡಲಾಯಿತು. ಎಲ್ಲಿ ಮುಳುಗಿಸಬೇಕೆಂದು ಸ್ಥಳಗಳನ್ನು ನಿಗದಿಪಡಿಸಿದ್ದರೂ ಬಹಳಷ್ಟು ಸರಕು ಆ ಸ್ಥಳ ಮುಟ್ಟುವ ಮೊದಲೇ ದಾರಿಯಲ್ಲಿ ನೀರುಪಾಲಾಯಿತು. ಎಷ್ಟು ಸರಕು ದಡ ಬಿಟ್ಟಿತೆಂಬುದಕ್ಕೆ ಲೆಕ್ಕವಿತ್ತೇ ಹೊರತು ಅದು ಎಲ್ಲಿ ಬಿತ್ತೆಂಬುದಕ್ಕೆ ಸರಿಯಾದ ಲೆಕ್ಕವಿರಲಿಲ್ಲ.

ಇದರ ಪರಿಣಾಮವಾಗಿ ಜರ್ಮನಿಗೆ ಸೇರಿದ ಉತ್ತರ ಸಮುದ್ರ ಮತ್ತು ಬಾಲ್ಟಿಕ್ ಸಮುದ್ರಗಳ ತಳದಲ್ಲಿ ಇಂದಿಗೂ ಸುಮಾರು 16 ಲಕ್ಷ ಟನ್ ಮದ್ದುಗುಂಡು ಬಿದ್ದಿದೆಯೆಂದು ಅಂದಾಜು ಮಾಡಲಾಗಿದೆ. ಎಂಟು ದಶಕಗಳ ಉಪ್ಪುನೀರಿನಲ್ಲಿ ಉಕ್ಕಿನ ಕವಚಗಳು ತುಕ್ಕು ಹಿಡಿದು ತೆಳುವಾಗುತ್ತಿವೆ. ಒಳಗಿನ ಟಿಎನ್‌ಟಿ ಮೊದಲಾದ ಸ್ಫೋಟಕಗಳು ನೀರಿಗೆ ಸೇರತೊಡಗಿವೆ. ಕೀಲ್ ನಗರಕ್ಕೆ ಸಮೀಪದ ಕೋಲ್‌ಬೆರ್ಗರ್ ಹೈಡೆ ಎಂಬ ಮುಳುಗಡೆ ಪ್ರದೇಶದಲ್ಲಿ ಹಿಡಿದ, ಕರಾವಳಿಯ ನಂಗು ಮೀನನ್ನು ಹೋಲುವ ಚಪ್ಪಟೆ ಮೀನುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಯಕೃತ್ತಿನ ಗೆಡ್ಡೆಗಳಿದ್ದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆದ್ದರಿಂದ ಇರುವುದನ್ನು ಇದ್ದಲ್ಲೇ ಮರೆತುಬಿಡೋಣ ಎಂಬ ವಾದಕ್ಕೆ ಇನ್ನು ಬಲವಿಲ್ಲ. ತೆರವು ಅನಿವಾರ್ಯ. ಹೇಗೆ ತೆರವುಗೊಳಿಸಬೇಕು ಎಂಬುದಷ್ಟೇ ಉಳಿದ ವಿಚಾರ.

ಸ್ಫೋಟಿಸಿ ಕೈತೊಳೆಯುವ ಪದ್ಧತಿ

ಸಿಕ್ಕಿದ ಬಾಂಬನ್ನು ಸಿಕ್ಕಿದ ಸ್ಥಳದಲ್ಲಿಯೇ ಇನ್ನೊಂದು ಸ್ಫೋಟಕವಿಟ್ಟು ಸಿಡಿಸುವುದು ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿ. ಇದಕ್ಕೆ ಕೆಲವೇ ಜನ ಸಾಕು, ಕೆಲವೇ ಗಂಟೆ ಸಾಕು. ಮುಳುಗುಗಾರನು ಹಳೆಯ ಮೈನನ್ನು ಕೈಯಿಂದ ಮುಟ್ಟಿ ಎತ್ತುವ ಅಪಾಯವೂ ಇಲ್ಲ. ಟೆಂಡರಿನ ಹಾಳೆಯ ಮೇಲೆ ಈ ಪದ್ಧತಿಯ ಬೆಲೆ ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತದೆ.

ಹಾಳೆಯ ಮೇಲೆ ಕಾಣದ ಬೆಲೆ ಎಷ್ಟೆಂಬುದು 2019ರಲ್ಲಿ ತಿಳಿದುಬಂತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಜರ್ಮನಿ ಮತ್ತು ಡೆನ್ಮಾರ್ಕ್‌ಗಳ ನಡುವಣ ಫೆಹ್‌ಮಾರ್ನ್ ಜಲಸಂಧಿಯಲ್ಲಿ ಬ್ರಿಟಿಷ್ ತಯಾರಿಕೆಯ 42 ಮೈನುಗಳನ್ನು ನ್ಯಾಟೋ ನೌಕಾಪಡೆಯ ತಂಡವು ತೆರವುಗೊಳಿಸಿತು. ಇವುಗಳಲ್ಲಿ ಬಹುಪಾಲು ಮೈನುಗಳನ್ನು ಸಂರಕ್ಷಿತ ಸಮುದ್ರ ಪ್ರದೇಶದೊಳಗೇ ಸಿಡಿಸಲಾಯಿತು. ಮುಂದಿನ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಆ ತೀರದಲ್ಲಿ ಸತ್ತುಬಿದ್ದಿದ್ದ 24 ಪಾರ್ಪಾಯ್ಸ್‌ಗಳನ್ನು ಪಶುವೈದ್ಯ ವಿಜ್ಞಾನಿಗಳು ಪರೀಕ್ಷಿಸಿದರು. ಪಾರ್ಪಾಯ್ಸ್ ಎಂಬುದು ಡಾಲ್ಫಿನ್ನಿನ ಹತ್ತಿರದ ಬಂಧುವಾದ ಸಣ್ಣ ಸಸ್ತನಿ. ಕಿವಿಯಿಂದಲೇ ದಾರಿ ಹುಡುಕಿ, ಕಿವಿಯಿಂದಲೇ ಆಹಾರ ಹಿಡಿದು ಬದುಕುವ ಪ್ರಾಣಿ. ಅವುಗಳಲ್ಲಿ ಹಲವಕ್ಕೆ ಕಿವಿಯ ಎಲುಬುಗಳು ಸ್ಥಾನ ತಪ್ಪಿದ್ದವು. ಶಬ್ದವನ್ನು ಗ್ರಹಿಸುವ ಕೊಬ್ಬಿನ ಭಾಗಗಳಲ್ಲಿ ರಕ್ತಸ್ರಾವವಾಗಿತ್ತು. ಇವು ಸ್ಫೋಟದ ಆಘಾತದ ಗುರುತುಗಳೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೀರ್ಮಾನಿಸಿತು.

ಪೆಟ್ಟು ಶಬ್ದಕ್ಕೇ ಮುಗಿಯುವುದಿಲ್ಲ. ಸಿಡಿಸಿದೊಡನೆ ಸ್ಫೋಟಕವೆಲ್ಲ ಸುಟ್ಟು ಹೋಗುತ್ತದೆಂಬ ನಂಬಿಕೆಯೂ ತಪ್ಪೆಂದು ಕೀಲ್ ವಿಶ್ವವಿದ್ಯಾಲಯದ ವಿಷವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಕರಾವಳಿಯಲ್ಲಿ ಪಚ್ಚಿಲೆ ಎನ್ನುವ ಚಿಪ್ಪುಜೀವಿಯ ವರ್ಗಕ್ಕೆ ಸೇರಿದ ಮಸೆಲ್‌ಗಳನ್ನು ಅವರು ಕೋಲ್‌ಬೆರ್ಗರ್ ಹೈಡೆಯ ತಳದಲ್ಲಿ ತಿಂಗಳುಗಟ್ಟಲೆ ಇಟ್ಟು ಪರೀಕ್ಷಿಸಿದರು. ತುಕ್ಕು ಹಿಡಿದಿದ್ದರೂ ಇಡಿಯಾಗಿದ್ದ ಮೈನುಗಳ ಪಕ್ಕದ ಮಸೆಲ್‌ಗಳಿಗಿಂತ, ಹಿಂದಿನ ಸ್ಫೋಟದಲ್ಲಿ ಪೂರ್ತಿ ಉರಿಯದೆ ಚದುರಿಬಿದ್ದ ಸ್ಫೋಟಕದ ಗಟ್ಟಿಗಳ ಪಕ್ಕದ ಮಸೆಲ್‌ಗಳಲ್ಲಿ ಟಿಎನ್‌ಟಿಯಿಂದ ಹುಟ್ಟಿದ ವಿಷಾಂಶಗಳು ಹಲವು ಪಟ್ಟು ಹೆಚ್ಚಾಗಿದ್ದವು. ಎಂದರೆ, ಒಂದು ಕವಚದೊಳಗೆ ಇದ್ದ ವಿಷವನ್ನು ಒಡೆದು ಸುತ್ತಲೂ ಹರಡಿದಂತಾಯಿತು. ಆ ಮಸೆಲ್, ಆ ಮೀನು ನಾಳೆ ಮಾರುಕಟ್ಟೆಗೆ ಬರತಕ್ಕ ಸರಕು ಎಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಬಾಂಬಿನ ಮೇಲೆಯೇ ನೆಲೆಸಿದ ಜೀವ

ಇಷ್ಟರಿಂದ ಸಿಡಿಸುವುದು ಕೆಟ್ಟದ್ದು, ಎತ್ತುವುದು ಒಳ್ಳೆಯದು ಎಂದು ಸರಳವಾಗಿ ಹೇಳಿ ಮುಗಿಸುವಂತಿಲ್ಲ. ಲ್ಯೂಬೆಕ್ ಕೊಲ್ಲಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ದೂರನಿಯಂತ್ರಿತ ಯಂತ್ರವನ್ನು ಇಳಿಸಿ ನೋಡಿದಾಗ ವಿ-1 ಹಾರುಬಾಂಬುಗಳ ಸಿಡಿತಲೆಗಳ ಮೇಲೆ ಜೀವಿಗಳು ದಟ್ಟವಾಗಿ ನೆಲೆಸಿದ್ದುದು ಕಂಡಿತು. ಸುತ್ತಲಿನ ಕೆಸರು ತಳದಲ್ಲಿ ಚದರ ಮೀಟರಿಗೆ ಸುಮಾರು 8,200 ಜೀವಿಗಳಿದ್ದರೆ ಸಿಡಿತಲೆಗಳ ಮೇಲೆ ಸರಾಸರಿ 43,000ದಷ್ಟು ಇದ್ದವೆಂದು 2025ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ವಿಷಕ್ಕಿಂತಲೂ ಕಾಲೂರಲು ಸಿಕ್ಕ ಗಟ್ಟಿ ನೆಲವೇ ಆ ಜೀವಿಗಳಿಗೆ ಮುಖ್ಯವಾಯಿತು. ಕೆಸರು ತುಂಬಿದ ತಳದಲ್ಲಿ ಅಂಥ ಗಟ್ಟಿ ಮೇಲ್ಮೈ ವಿರಳ.

ಬಾಂಬನ್ನು ಎತ್ತಿದರೆ ಆ ನೆಲೆಯೂ ಎದ್ದುಹೋಗುತ್ತದೆ. ಹಾಗೆಂದು ಬಾಂಬನ್ನು ಅಲ್ಲಿಯೇ ಬಿಡಲಾಗದು. ಎತ್ತಿದ ಜಾಗದಲ್ಲಿ ಅಪಾಯವಿಲ್ಲದ ಕಲ್ಲು, ಕಾಂಕ್ರೀಟ್ ಆಕೃತಿಗಳಂಥ ಬದಲಿ ವಸ್ತುಗಳನ್ನು ಇಡಬಹುದೆಂಬ ಸಲಹೆಯನ್ನು ಆ ವಿಜ್ಞಾನಿಗಳೇ ಮುಂದಿಟ್ಟಿದ್ದಾರೆ. ಇದೇನೂ ಅಸಾಧ್ಯವಾದ ಕೆಲಸವಲ್ಲ; ಆದರೆ ಗುತ್ತಿಗೆಯ ಪತ್ರದಲ್ಲಿ ಬರೆಯದಿದ್ದರೆ ಯಾರೂ ಮಾಡದ ಕೆಲಸ.

ಅಟ್ಲಾಂಟಿಕ್‌ನ ಆಚೆಗೂ ಇದೇ ಇಕ್ಕಟ್ಟಿದೆ. ಪೋರ್ಟೊ ರಿಕೊಗೆ ಸೇರಿದ ವಿಯೆಕೆಸ್ ದ್ವೀಪವನ್ನು ಅಮೆರಿಕದ ನೌಕಾಪಡೆ 1940ರ ದಶಕದಿಂದ ತಾಲೀಮಿಗೆ ಬಳಸಿತ್ತು. 1999ರಲ್ಲಿ ಗುರಿತಪ್ಪಿದ ಬಾಂಬಿನಿಂದ ಸ್ಥಳೀಯ ನೌಕರನೊಬ್ಬ ಸತ್ತ ಮೇಲೆ ಎದ್ದ ಜನಾಂದೋಲನದ ಫಲವಾಗಿ 2003ರಲ್ಲಿ ಅಲ್ಲಿಯ ತಾಲೀಮು ನಿಂತಿತು. 2005ರಲ್ಲಿ ಆ ಪ್ರದೇಶವು ಅಮೆರಿಕದ ಅತಿ ಮಾಲಿನ್ಯ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಅಲ್ಲಿಯ ನೀರಿನಲ್ಲಿ ಕಡಲಾಮೆಗಳಿವೆ, ಕಡಲಹುಲ್ಲಿನ ಬಯಲುಗಳಿವೆ, ಹವಳದ ದಿಬ್ಬಗಳಿವೆ. ಕೆಲವು ಬಾಂಬುಗಳ ಮೇಲೆಯೇ ಹವಳ ಬೆಳೆದು ಅಂಟಿಕೊಂಡಿದೆ. ಕೆರಿಬಿಯನ್ನಿನ ಕೊಂಬಿನಾಕಾರದ ಎರಡು ಹವಳ ಪ್ರಭೇದಗಳಿಗೆ 2006ರಿಂದ ಅಮೆರಿಕದ ಕಾನೂನಿನ ರಕ್ಷಣೆ ಇದೆ. ಹೀಗಾಗಿ ಪ್ರತಿಯೊಂದು ಬಾಂಬಿನ ಮುಂದೆಯೂ ನಿಂತು ಇದನ್ನು ಎತ್ತಬೇಕೇ, ಹವಳವನ್ನು ಬಿಡಿಸಿ ಬೇರೆಡೆ ನೆಡಬೇಕೇ ಎಂದು ವಿಚಾರ ಮಾಡಬೇಕಾಗಿದೆ. ನೌಕಾಪಡೆ ಹೊರಟು ಎರಡು ದಶಕ ಕಳೆದರೂ ಕೆಲಸ ಮುಗಿದಿಲ್ಲ. ಬಾಂಬು ಹಾಕಲು ಬೇಕಾದ ಸಮಯಕ್ಕೂ ಹೆಕ್ಕಲು ಬೇಕಾದ ಸಮಯಕ್ಕೂ ಯಾವ ಹೋಲಿಕೆಯೂ ಇಲ್ಲ.

ಕಟ್ಟುನಿಟ್ಟಿನ ನಿಯಮವೇ ಮಾರುಕಟ್ಟೆ

ಸುರಕ್ಷಿತ ವಿಧಾನಗಳು ಇಲ್ಲವೆಂಬ ನೆಪವನ್ನು ಈಗ ಯಾರೂ ಹೇಳುವಂತಿಲ್ಲ. ಸಿಡಿಸಲೇಬೇಕಾದ ಸಂದರ್ಭದಲ್ಲಿ ಗುಳ್ಳೆಗಳ ಪರದೆಯನ್ನು ಬಳಸಬಹುದು. ರಂಧ್ರಗಳಿರುವ ಕೊಳವೆಯನ್ನು ಸ್ಫೋಟದ ಸ್ಥಳದ ಸುತ್ತಲೂ ತಳದಲ್ಲಿ ಹಾಸಿ, ಹಡಗಿನ ಮೇಲಿನ ಕಂಪ್ರೆಸರುಗಳಿಂದ ಗಾಳಿ ತುಂಬಿದರೆ ತಳದಿಂದ ಮೇಲಕ್ಕೆ ಗುಳ್ಳೆಗಳ ಗೋಡೆ ಏಳುತ್ತದೆ. ಶಬ್ದದ ಅಲೆಯ ಬಹುಭಾಗ ಆ ಗೋಡೆಗೆ ತಾಗಿ ಕುಂದುತ್ತದೆ. ಸ್ಫೋಟಕವನ್ನು ಸಿಡಿಯಗೊಡದೆ ಕವಚದೊಳಗೇ ವೇಗವಾಗಿ ಉರಿಯುವಂತೆ ಮಾಡುವ ವಿಧಾನವೂ ಇದೆ. ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಇದರ ಶಬ್ದವು ಪೂರ್ಣ ಸ್ಫೋಟಕ್ಕಿಂತ ಸುಮಾರು 20 ಡೆಸಿಬೆಲ್ ಕಡಿಮೆಯಿತ್ತು. ಎಲ್ಲಕ್ಕಿಂತ ಉತ್ತಮವಾದುದು ಸಿಡಿಸದೆ ಎತ್ತುವುದು. ಜರ್ಮನ್ ಸರ್ಕಾರವು 10 ಕೋಟಿ ಯೂರೋಗಳ ಕಾರ್ಯಕ್ರಮವನ್ನು ರೂಪಿಸಿ 2024ರಲ್ಲಿ ಲ್ಯೂಬೆಕ್ ಕೊಲ್ಲಿಯಲ್ಲಿ ಇದರ ಪ್ರಯೋಗ ಆರಂಭಿಸಿತು. ದೂರನಿಯಂತ್ರಿತ ಯಂತ್ರಗಳಿಂದ ಮದ್ದುಗುಂಡನ್ನು ಹೆಕ್ಕಿ, ಬಗೆಬಗೆಯಾಗಿ ವಿಂಗಡಿಸುವುದು. ಮುಂದೆ ಕಡಲಿನ ಮೇಲೆಯೇ ನಿಲ್ಲುವ ಘಟಕದಲ್ಲಿ ಅದನ್ನು ನಾಶಪಡಿಸುವುದು ಇದರ ಉದ್ದೇಶ.

ಈ ವಿಧಾನಗಳೆಲ್ಲ ದುಬಾರಿ ಎಂಬ ಆಕ್ಷೇಪವನ್ನು ಕಡೆಗಣಿಸಲಾಗದು. ಎತ್ತುವ ಕೆಲಸ ನಿಧಾನದ್ದು. ಹಡಗಿನ ದಿನಬಾಡಿಗೆ ಏರುತ್ತದೆ. ಗಾಳಿ ವಿದ್ಯುತ್ ಸ್ಥಾವರ, ಕೇಬಲ್ ಕಾಮಗಾರಿಗಳು ಕಾಯಬೇಕಾಗುತ್ತದೆ. ಮುಟ್ಟಿದರೆ ಸಿಡಿಯುವ ಸ್ಥಿತಿಯಲ್ಲಿರುವ ಮೈನನ್ನು ಎತ್ತೆಂದು ಯಾವ ಮುಳುಗುಗಾರನಿಗೂ ಆಜ್ಞೆ ಮಾಡಲಾಗದು. ಮನುಷ್ಯನ ಪ್ರಾಣವೇ ಮೊದಲು. ಆದರೆ ಅಂಥ ಸಂದರ್ಭ ಅಪವಾದವಾಗಬೇಕೇ ಹೊರತು ನಿಯಮವಾಗಬಾರದು. ಅಪವಾದಕ್ಕೂ ಷರತ್ತುಗಳಿರಬೇಕು: ಗುಳ್ಳೆಗಳ ಪರದೆ ಇರಬೇಕು, ಪ್ರಾಣಿಗಳು ಮರಿಹಾಕುವ ಋತುವನ್ನು ಬಿಡಬೇಕು, ಮುಂಚಿತವಾಗಿ ಸುತ್ತಲಿನ ನೀರನ್ನು ಪರಿಶೀಲಿಸಬೇಕು, ಸಿಡಿದ ಮೇಲೆ ಉಳಿದ ಗಟ್ಟಿಗಳನ್ನು ಹೆಕ್ಕಿದ ಲೆಕ್ಕ ಒಪ್ಪಿಸಬೇಕು.

ಇಲ್ಲಿ ಸಣ್ಣ ಕೈಗಾರಿಕೋದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸಮುದ್ರದಲ್ಲಿ ಗಾಳಿಯಂತ್ರಗಳ ಕಂಬ ಹೊಡೆಯುವಾಗ 750 ಮೀಟರ್ ದೂರದಲ್ಲಿ ಶಬ್ದವು 160 ಡೆಸಿಬೆಲ್ ಮೀರಬಾರದೆಂದು ಜರ್ಮನಿ ನಿಯಮ ಮಾಡಿತು. ಇದರಿಂದ ಉದ್ಯಮ ನಿಂತುಹೋಗುವುದೆಂಬ ಭಯ ನಿಜವಾಗಲಿಲ್ಲ. ಬದಲಾಗಿ ಗುಳ್ಳೆಗಳ ಪರದೆಯನ್ನು ರೂಪಿಸುವ, ಬಾಡಿಗೆಗೆ ಕೊಡುವ, ಶಬ್ದವನ್ನು ಅಳೆಯುವ ಪರಿಣತ ಸಂಸ್ಥೆಗಳು ಬೆಳೆದವು. ನಿಯಮವು ಅಂಕಿಗಳಲ್ಲಿ ಸ್ಪಷ್ಟವಾಗಿದ್ದುದರಿಂದ ಎಲ್ಲರ ದರಗಳೂ ಒಂದೇ ಅಳತೆಯ ಕೆಲಸಕ್ಕೆ ಬಂದವು. ನಿಯಮ ಅಸ್ಪಷ್ಟವಾಗಿದ್ದರೆ ನಡೆಯುವುದೇ ಬೇರೆ. ಎಚ್ಚರದಿಂದ ಕೆಲಸ ಮಾಡುವವನ ದರ ಹೆಚ್ಚು, ಅಜಾಗರೂಕನ ದರ ಕಡಿಮೆ. ಕಡಿಮೆ ದರಕ್ಕೆ ಗುತ್ತಿಗೆ. ಪ್ರಾಮಾಣಿಕತೆಗೆ ದಂಡ ವಿಧಿಸುವ ಟೆಂಡರು ಯಾವ ದೇಶದ ವರ್ತಕನಿಗೂ ಅಪರಿಚಿತವಲ್ಲ.

ಪೂರ್ಣ ಖಾತೆ ಬರೆಯಲಿ

ಆದಕಾರಣ ಕಡಲಜೀವಿಗಳ ನೆಲೆಯ ರಕ್ಷಣೆಯನ್ನು ತೆರವು ಕಾರ್ಯಕ್ಕೆ ಅಂಟಿಸಿದ ಹೆಚ್ಚುವರಿ ಖರ್ಚೆಂದು ನೋಡುವುದು ಸರಿಯಲ್ಲ. ಅದು ಕೆಲಸದ ಅಸಲು ಬೆಲೆಯ ಭಾಗ. ಸಮೀಕ್ಷೆ, ಎತ್ತುವಿಕೆ, ಶಬ್ದ ನಿಯಂತ್ರಣ, ಬದಲಿ ನೆಲೆ, ಕೆಲಸ ಮುಗಿದ ಮೇಲಿನ ಕೆಲವು ವರ್ಷಗಳ ಪರಿಶೀಲನೆ ಇವೆಲ್ಲಕ್ಕೂ ಟೆಂಡರಿನಲ್ಲಿ ಪ್ರತ್ಯೇಕ ಬಾಬುಗಳಿರಬೇಕು, ಪ್ರತ್ಯೇಕ ದರವಿರಬೇಕು. ಆ ಹಣವನ್ನು ಮದ್ದುಗುಂಡು ಹಾಕಿದ ಅಥವಾ ಹಾಕಗೊಟ್ಟ ಸರ್ಕಾರಗಳು ಭರಿಸುವುದು ನ್ಯಾಯ. ಇಂದು ಅದನ್ನು ಗುತ್ತಿಗೆದಾರನ ಲಾಭದಿಂದ ಕಿತ್ತುಕೊಳ್ಳುವುದೂ ಸಲ್ಲದು, ನಾಳೆ ಮೀನುಗಾರನ ಬಲೆಯಿಂದ ವಸೂಲು ಮಾಡುವುದೂ ಸಲ್ಲದು.

1945ರಲ್ಲಿ ಮದ್ದುಗುಂಡನ್ನು ಕಡಲಿಗೆ ಹಾಕಿದವರು ತಮ್ಮ ಖಾತೆಯಲ್ಲಿ ಖರ್ಚು ಉಳಿಯಿತೆಂದು ಬರೆದುಕೊಂಡಿರಬಹುದು. ಆ ಬಾಕಿ ಎಂಬತ್ತು ವರ್ಷಗಳ ತರುವಾಯ ಮೊಮ್ಮಕ್ಕಳ ಹೆಸರಿಗೆ ಬಂದಿದೆ. ತೀರಿಸಹೊರಟವರು ಮತ್ತೊಮ್ಮೆ ಅಗ್ಗದ ದಾರಿ ಹಿಡಿದರೆ ಸಾಲ ತೀರುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ಕಡಲಿನ ಲೆಕ್ಕದಲ್ಲಿ ದಿವಾಳಿ ಅರ್ಜಿಗೆ ಅವಕಾಶವಿಲ್ಲ ಎಂಬುದನ್ನು ಟೆಂಡರು ಬರೆಯುವ ಕೈಗಳು ನೆನಪಿನಲ್ಲಿಡುವುದು ಒಳಿತು.