ಕಿಂಡಿ ಅಣೆಕಟ್ಟುಗಳ ದುರಸ್ತಿ: ಹೊಣೆ ಯಾರದು, ಕಾಲ ಯಾವುದು?

ಮುಂಗಾರು ಹಿಂದೆ ಸರಿದು ಹೊಳೆಯ ನೀರು ತಿಳಿಯಾಗುವ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಅನೇಕ ಗ್ರಾಮ ಪಂಚಾಯಿತಿಗಳ ಮುಂದೆ ಒಂದೇ ಬಗೆಯ ಅರ್ಜಿಗಳು ಬಂದು ಸೇರುತ್ತವೆ: ಕಿಂಡಿ ಅಣೆಕಟ್ಟಿನ ಹಲಗೆಗಳು ಹಾಳಾಗಿವೆ, ದುರಸ್ತಿ ಮಾಡಿಸಿಕೊಡಿ. ಅರ್ಜಿಯ ಮೇಲೆ ಚರ್ಚೆಯಾಗಿ, ಅಂದಾಜು ಪಟ್ಟಿ ತಯಾರಾಗಿ, ಮಂಜೂರಾತಿ ದೊರೆತು, ಹೊಸ ಹಲಗೆ ಸ್ಥಳಕ್ಕೆ ಬರುವಷ್ಟರಲ್ಲಿ ಫೆಬ್ರವರಿ ಕಳೆದಿರುತ್ತದೆ. ಆಗ ಕಿಂಡಿ ಮುಚ್ಚಿದರೂ ನಿಲ್ಲಿಸಲು ಹೊಳೆಯಲ್ಲಿ ನೀರಿರುವುದಿಲ್ಲ. ಹಣವೂ ಖರ್ಚಾಯಿತು, ಕಾಮಗಾರಿಯೂ ಪೂರ್ಣವಾಯಿತು, ತೋಟಕ್ಕೆ ಮಾತ್ರ ನೀರು ಸಿಗಲಿಲ್ಲ. ಈ ವಿಳಂಬಕ್ಕೆ ಯಾರೋ ಒಬ್ಬರ ಉದಾಸೀನವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಕಾರಣ ವ್ಯವಸ್ಥೆಯಲ್ಲಿಯೇ ಇದೆ ಎಂಬುದು ಈ ಬರಹದ ವಾದ.

ಕಿಂಡಿ ಅಣೆಕಟ್ಟು ಅರ್ಧ ಕಟ್ಟಡ, ಅರ್ಧ ಕೆಲಸ. ಕಾಂಕ್ರೀಟಿನ ಕಂಬಗಳೂ ಅಡಿಯ ಹಾಸೂ ವರ್ಷವಿಡೀ ಹೊಳೆಯಲ್ಲಿರುತ್ತವೆ. ನೀರನ್ನು ನಿಲ್ಲಿಸುವ ಹಲಗೆಗಳು ಮಾತ್ರ ವರ್ಷದಲ್ಲಿ ಐದಾರು ತಿಂಗಳು ಅಲ್ಲಿದ್ದು, ಉಳಿದ ಕಾಲ ದಡದ ಮೇಲಿರುತ್ತವೆ. ಮಳೆಗಾಲದ ಪ್ರವಾಹ ಯಾವ ಅಡ್ಡಿಯೂ ಇಲ್ಲದೆ ಕಿಂಡಿಗಳ ಮೂಲಕ ಹರಿದುಹೋಗಬೇಕು, ಮಳೆ ನಿಂತ ಮೇಲಿನ ಸಣ್ಣ ಹರಿವು ನಿಲ್ಲಬೇಕು ಎಂಬುದು ಇದರ ತತ್ವ. ಆದ್ದರಿಂದ ಇದನ್ನು ಪ್ರತಿವರ್ಷ ಹೊಸದಾಗಿ ಕಟ್ಟಿ, ಪ್ರತಿವರ್ಷ ಬಿಚ್ಚಬೇಕಾಗುತ್ತದೆ. ಸರ್ಕಾರದ ಲೆಕ್ಕದಲ್ಲಿ ಕಟ್ಟಡಕ್ಕೆ ಶೀರ್ಷಿಕೆಯಿದೆ. ಈ ವಾರ್ಷಿಕ ಕೆಲಸಕ್ಕೆ ಖಚಿತವಾದ ಜಾಗವಿಲ್ಲ. ಹೊಸ ಅಣೆಕಟ್ಟಿಗೆ ಶಂಕುಸ್ಥಾಪನೆಯೂ ಉದ್ಘಾಟನೆಯೂ ಉಂಟು. ಹಲಗೆಗೆ ಎರಡೂ ಇಲ್ಲ.

ಹೊಣೆಯ ಪ್ರಶ್ನೆಯನ್ನು ಮೊದಲು ನೋಡೋಣ. ರಾಜ್ಯದಲ್ಲಿ ಕೆರೆಗಳ ವಿಚಾರದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಉಳ್ಳವು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯವು ಪಂಚಾಯತ್ ರಾಜ್ ವ್ಯವಸ್ಥೆಗೆ ಎಂಬ ಗೆರೆಯಿದೆ. ಕಿಂಡಿ ಅಣೆಕಟ್ಟುಗಳಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ದೊಡ್ಡ ಹೊಳೆಗಳ ಮೇಲಿನವನ್ನು ಸಣ್ಣ ನೀರಾವರಿ ಇಲಾಖೆ ಕಟ್ಟಿದೆ. ಪಶ್ಚಿಮ ವಾಹಿನಿ ಯೋಜನೆಯ ಕಾಮಗಾರಿಗಳು ಈ ವರ್ಗಕ್ಕೆ ಸೇರಿದವು. ಹಳ್ಳ ತೋಡುಗಳ ಮೇಲಿನ ಚಿಕ್ಕ ಕಟ್ಟಗಳು ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ, ಜಲಾನಯನ ಯೋಜನೆ ಹೀಗೆ ನಾನಾ ಲೆಕ್ಕಗಳಲ್ಲಿ ಬೇರೆ ಬೇರೆ ವರ್ಷ ಆದಂಥವು. ಕಟ್ಟಿದವರ ಕಡತ ಒಂದೆಡೆ, ಬಳಸುವವರ ಊರು ಇನ್ನೊಂದೆಡೆ. ಹೊಳೆಯೇ ಎರಡು ಗ್ರಾಮಗಳ ಗಡಿಯಾಗಿದ್ದರಂತೂ ಒಂದು ದಡದ ಪಂಚಾಯಿತಿ ಇನ್ನೊಂದು ದಡದತ್ತ ಕೈ ತೋರಿಸುತ್ತದೆ.

ಕಾನೂನು ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೆ ಅನ್ವಯಿಸುತ್ತದೆ. ಅಂಥವುಗಳ ಮಾಲೀಕರು ಮುಂಗಾರಿಗೆ ಮೊದಲು ಮತ್ತು ಅನಂತರ ಕಡ್ಡಾಯವಾಗಿ ತಪಾಸಣೆ ನಡೆಸಬೇಕು. ಎರಡು ಮೂರು ಮೀಟರ್ ನೀರು ನಿಲ್ಲಿಸುವ ನಮ್ಮ ಕಟ್ಟ ಈ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಅಣೆಕಟ್ಟುಗಳಲ್ಲಿಯೂ ಬಿಡಿಭಾಗವೊಂದರ ಸೋಲು ಎಂಥ ಬೆಲೆ ಕೇಳುತ್ತದೆ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಲ್ಲಿ ಕಂಡಿದ್ದೇವೆ. 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಲ್ಲಿನ ಅಣೆಕಟ್ಟು ಅಲುಗಲಿಲ್ಲ, ಆದರೆ ನೀರು ಹೋಯಿತು. ಕಿಂಡಿ ಅಣೆಕಟ್ಟಿನಲ್ಲಿ ಇದೇ ಸಂಗತಿ ಸದ್ದಿಲ್ಲದೆ, ಪತ್ರಿಕೆಗಳ ಕಣ್ಣಿಗೆ ಬೀಳದೆ ನಡೆಯುತ್ತಿರುತ್ತದೆ.

ಹಲಗೆಯ ಸಂದಿಯಿಂದ ಒಂದಿಷ್ಟು ನೀರು ಹೋದರೇನು ಎಂಬ ಮಾತು ಕೇಳಿಬರುತ್ತದೆ. ಇದನ್ನು ಒಂದು ಉದಾಹರಣೆಯ ಮೂಲಕ ಲೆಕ್ಕ ಹಾಕಿ ನೋಡಿ. ಹೊಳೆಯ ಅಗಲ 60 ಮೀಟರ್, ಹಲಗೆಯ ಬಳಿ ನೀರಿನ ಆಳ 2 ಮೀಟರ್, ಹಿನ್ನೀರು 1.5 ಕಿಲೋಮೀಟರಿನವರೆಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ಆಳ 1 ಮೀಟರ್ ಎಂದರೆ ಸಂಗ್ರಹ ಸುಮಾರು 90,000 ಘನ ಮೀಟರ್, ಅಂದರೆ 9 ಕೋಟಿ ಲೀಟರ್. ಎಲ್ಲ ಸಂದಿಗಳಿಂದ ಒಟ್ಟು ಸೆಕೆಂಡಿಗೆ 10 ಲೀಟರ್, ಹೆಚ್ಚುಕಡಿಮೆ ಸೆಕೆಂಡಿಗೊಂದು ಕೊಡ, ಸೋರುತ್ತಿದೆ ಎನ್ನಿ. ದಿನಕ್ಕೆ 8.64 ಲಕ್ಷ ಲೀಟರಾಯಿತು. ಒಳಹರಿವು ನಿಂತ ಮೇಲೆ ಈ ಸೋರಿಕೆಯೊಂದೇ 104 ದಿನಗಳಲ್ಲಿ ಇಡೀ ಸಂಗ್ರಹವನ್ನು ಬರಿದು ಮಾಡುತ್ತದೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 20 ಲೀಟರಿನಂತೆ ಲೆಕ್ಕ ಹಾಕಿದರೂ ಆ ಒಂದು ದಿನದ ಸೋರಿಕೆ 43,200 ಮರಗಳಿಗೆ, ಎಕರೆಗೆ 550 ಮರಗಳಂತೆ ಸುಮಾರು 78 ಎಕರೆ ತೋಟಕ್ಕೆ, ಸಾಲುವಷ್ಟು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಸೋರಿದ ನೀರೆಲ್ಲವೂ ವ್ಯರ್ಥವಲ್ಲ. ಕೆಳಗೆ ಇನ್ನೊಂದು ಕಟ್ಟವಿದ್ದರೆ ಅದು ಅಲ್ಲಿನ ರೈತರ ಪಾಲಿನ ನೀರು. ಮೇಲಿನ ಕಟ್ಟವನ್ನು ಒಂದು ಹನಿಯೂ ಸೋರದಂತೆ ಬಿಗಿದರೆ ಕೆಳಗಿನವರು ದೂರುವುದು ಸಹಜ. ಹೊಳೆಯುದ್ದಕ್ಕೂ ಸರಣಿಯಾಗಿ ಕಟ್ಟಗಳಿರುವಲ್ಲಿ, ಮೇಲಿನದು ತುಂಬಿ ಹಲಗೆಯ ಮೇಲಿಂದ ಹರಿಯತೊಡಗಿದ ಮೇಲೆ ಕೆಳಗಿನದು ತುಂಬುತ್ತದೆ. ಆದ್ದರಿಂದ ಹೊಳೆಯಲ್ಲಿ ಸಾಕಷ್ಟು ಹರಿವಿರುವಾಗಲೇ ಎಲ್ಲ ಕಟ್ಟಗಳನ್ನೂ ಕೆಲವೇ ದಿನಗಳ ಅಂತರದಲ್ಲಿ ಮುಚ್ಚುವುದು ನ್ಯಾಯವೂ ಹೌದು, ಜಾಣತನವೂ ಹೌದು. ಒಂದೇ ಹೊಳೆಯ ಪಂಚಾಯಿತಿಗಳು ಒಟ್ಟಿಗೆ ಕುಳಿತು ದಿನ ನಿಗದಿ ಮಾಡದೆ ಇದು ಆಗದು. ಸಮುದ್ರಕ್ಕೆ ಸಮೀಪದ ಕೊನೆಯ ಕಟ್ಟದ ಸೋರಿಕೆ ಮಾತ್ರ ನಿಜಕ್ಕೂ ನಷ್ಟವೇ.

ಆ ಕೊನೆಯ ಕಟ್ಟಗಳ ಕಥೆ ಬೇರೆ. ಅಲ್ಲಿ ಹಲಗೆಗೆ ಎರಡು ಕೆಲಸ: ಸಿಹಿನೀರನ್ನು ಒಳಗೆ ಹಿಡಿಯುವುದು, ಭರತದ ಉಪ್ಪುನೀರನ್ನು ಹೊರಗೆ ತಡೆಯುವುದು. ಹೊಳೆಯ ಹರಿವು ಕುಗ್ಗಿದಂತೆ ಉಪ್ಪುನೀರು ಮೇಲ್ಮುಖವಾಗಿ ಏರತೊಡಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತದಲ್ಲಿ ಇನ್ನೂ ಹೆಚ್ಚು. ದುರಸ್ತಿ ತಡವಾಗಿ, ಉಪ್ಪುನೀರು ಏರಿದ ಮೇಲೆ ಕಿಂಡಿ ಮುಚ್ಚಿದರೆ ಉಪ್ಪನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ದಡದ ಬಾವಿಗಳಿಗೂ ಅದೇ ನೀರು ಇಳಿಯುತ್ತದೆ. ಮುಚ್ಚದೆ ಬಿಡುವುದಕ್ಕಿಂತ ಇದು ಕೆಲವೊಮ್ಮೆ ಕೆಟ್ಟದ್ದು. ಇಂಥ ಕಡೆ ಪಂಪು ಹೂಡುವ ಮೊದಲು ನೀರಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಿ. ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸ್ ಒಳಗಿದ್ದರೆ ಚಿಂತೆಯಿಲ್ಲ. 3 ದಾಟಿದರೆ ಅಂಥ ನೀರನ್ನು ತೋಟಕ್ಕೆ ಹಾಯಿಸುವುದು ಉಚಿತವಲ್ಲ. ನಾಲಿಗೆಗೆ ಉಪ್ಪೆನಿಸುವವರೆಗೆ ಕಾಯಬೇಡಿ.

ಇನ್ನು ಕಾಲದ ಪ್ರಶ್ನೆ. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಹಲಗೆ ಇಳಿಸುವುದು, ಮೇ ತಿಂಗಳಲ್ಲಿ ತೆಗೆಯುವುದು ಕರಾವಳಿಯ ವಾಡಿಕೆ. ಹಿಂಗಾರಿನ ಮಳೆ ಇನ್ನೂ ಮುಗಿಯದಿರುವಾಗ ಅವಸರದಿಂದ ಮುಚ್ಚಿದರೆ ಒಂದೇ ರಾತ್ರಿಯ ಮಳೆ ಹಲಗೆಗಳನ್ನೂ ದಡವನ್ನೂ ಒಯ್ಯಬಹುದು. ತಡ ಮಾಡಿದರೆ ಮೇಲೆ ಹೇಳಿದ ಗತಿ. ತೆಗೆಯುವ ದಿನವಂತೂ ಈಚೆಗೆ ಪಂಚಾಂಗ ನೋಡಿ ಹೇಳುವಂತಿಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ ಬಂತು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಬದಿಯಲ್ಲಿಯೇ ಹಾದುಹೋಯಿತು. ಮೇ 31ಕ್ಕೆ ಹಲಗೆ ತೆಗೆಯುವುದೆಂದು ಗುತ್ತಿಗೆ ಕರಾರಿನಲ್ಲಿ ಬರೆದುಕೊಂಡವರಿಗೆ ಇಂಥ ವರ್ಷಗಳಲ್ಲಿ ಕರಾರು ಉಳಿಯುತ್ತದೆ, ಹಲಗೆ ಉಳಿಯುವುದಿಲ್ಲ. ತೆಗೆಯದ ಹಲಗೆಗೆ ಮರದ ದಿಮ್ಮಿ, ಬಿದಿರು, ಕಸ ಸಿಕ್ಕಿಕೊಂಡು ನೀರು ಪಕ್ಕದ ದಡವನ್ನು ಕೊರೆಯುತ್ತದೆ; ಹೊಳೆ ಕಟ್ಟವನ್ನು ಬಳಸಿ ತೋಟದೊಳಗೆ ಹೊಸ ದಾರಿ ಮಾಡಿಕೊಳ್ಳುತ್ತದೆ. ಮೊದಲ ಮಳೆಗೆ ಮೇಲೇರಿ ಗದ್ದೆಗೆ ಮೊಟ್ಟೆಯಿಡಲು ಬರುವ ಹತ್ತುಮೀನಿಗೂ ಮುಚ್ಚಿದ ಕಿಂಡಿ ಅಡ್ಡಿಯೇ. ಆದ್ದರಿಂದ ದಿನಾಂಕದ ಬದಲು ಹವಾಮಾನ ಇಲಾಖೆಯ ಮುನ್ಸೂಚನೆಗೆ ಕರಾರನ್ನು ಜೋಡಿಸುವುದು ಮೇಲು: ಭಾರೀ ಮಳೆಯ ಎಚ್ಚರಿಕೆ ಬಂದ 24 ಗಂಟೆಯೊಳಗೆ ಮೇಲಿನ ಎರಡು ಸಾಲು ಹಲಗೆಗಳನ್ನಾದರೂ ತೆಗೆಯತಕ್ಕದ್ದು ಎಂಬ ಷರತ್ತು ಇರಲಿ.

ಹೊರದೇಶದ ಒಂದು ನಿದರ್ಶನ ಇಲ್ಲಿ ಪ್ರಸ್ತುತ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸೊನೋಮಾ ಕೌಂಟಿಯಲ್ಲಿ ರಷ್ಯನ್ ರಿವರ್ ಎಂಬ ನದಿಯಿದೆ. ಗರ್ನ್‌ವಿಲ್ ಎಂಬ ಸಣ್ಣ ಊರಿನ ಬಳಿ ಬೇಸಿಗೆಗೆಂದು ಕಟ್ಟಿ, ಮಳೆಗಾಲಕ್ಕೆ ಮೊದಲು ಬಿಚ್ಚುವ ಎರಡು ಅಣೆಕಟ್ಟುಗಳನ್ನು ಸ್ಥಳೀಯ ಮನರಂಜನಾ ಮತ್ತು ಉದ್ಯಾನ ಮಂಡಳಿ ನೋಡಿಕೊಳ್ಳುತ್ತದೆ. ಅಲ್ಲಿನ ಉದ್ದೇಶ ನೀರಾವರಿಯಲ್ಲ, ಈಜು ಮತ್ತು ದೋಣಿವಿಹಾರ. ಊರಿನ ಬೇಸಿಗೆಯ ವ್ಯಾಪಾರ ಅದನ್ನು ನೆಚ್ಚಿಕೊಂಡಿದೆ. ದುರಸ್ತಿ ಅಲ್ಲಿಯೂ ಸಲೀಸಲ್ಲ: ಸಂರಕ್ಷಿತ ಸಾಲ್ಮನ್ ಜಾತಿಯ ಮೀನುಗಳಿರುವುದರಿಂದ ಬೇಕೆಂದಾಗ ನದಿಗೆ ಯಂತ್ರ ಇಳಿಸುವಂತಿಲ್ಲ. ನಮಗೆ ಇದರಲ್ಲಿ ಗಮನಿಸತಕ್ಕ ಸಂಗತಿ ಒಂದೇ. ಹಲಗೆ ಏರಲಿಲ್ಲವೆಂದರೆ ಯಾರ ಬಾಗಿಲು ತಟ್ಟಬೇಕೆಂದು ಅಲ್ಲಿನವರಿಗೆ ತಿಳಿದಿದೆ.

ನಮ್ಮಲ್ಲಿ ಆ ಹೆಸರನ್ನು ನಾವೇ ಬರೆದುಕೊಳ್ಳಬೇಕಾಗಿದೆ. ಗ್ರಾಮ ಸಭೆಯಲ್ಲಿ ಊರಿನ ಪ್ರತಿಯೊಂದು ಕಟ್ಟಕ್ಕೂ ಒಂದು ಪುಟ ತೆರೆಯಿರಿ: ಕಟ್ಟಿಸಿದ ಇಲಾಖೆ, ವರ್ಷ, ಕಿಂಡಿಗಳ ಸಂಖ್ಯೆ, ಹಲಗೆಗಳ ಅಳತೆ ಮತ್ತು ಎಣಿಕೆ, ಹಲಗೆ ಇರಿಸಿದ ಜಾಗ, ಈಗಿನ ಹೊಣೆಗಾರರು. ಹಸ್ತಾಂತರ ಪತ್ರ ಇಲ್ಲದಿದ್ದರೆ ಅದನ್ನು ಕೇಳಿ ಪಡೆಯುವುದೇ ಮೊದಲ ದುರಸ್ತಿ. ವಿಸ್ತರಣಾ ಕಾರ್ಯಕರ್ತರು ಈ ಪುಟವನ್ನು ಭರ್ತಿ ಮಾಡಲು ನೆರವಾದರೆ ಮುಂದಿನ ಅಂದಾಜು ಪಟ್ಟಿ ಅರ್ಧ ತಯಾರಾದಂತೆ.

ಹಣದ ಮಾತು ಬಂದಾಗ ಜಗಳ ಶುರುವಾಗುತ್ತದೆ. ಅದು ಅಕಾರಣವೂ ಅಲ್ಲ. ಹಿನ್ನೀರಿಗೆ ಪಂಪು ಇಳಿಸಿದವರು ಕಣ್ಣಿಗೆ ಕಾಣುವ ಫಲಾನುಭವಿಗಳು. ಅರ್ಧ ಕಿಲೋಮೀಟರ್ ಆಚೆ ಬಾವಿಯ ನೀರು ಏರಿಸಿಕೊಂಡವರು ಕಾಣದ ಫಲಾನುಭವಿಗಳು. ವಂತಿಗೆ ಕೇಳಿದರೆ ನಮ್ಮ ಬಾವಿ ನಮ್ಮದು ಎನ್ನುತ್ತಾರೆ. ಹಿಂದಿನ ಕಾಲದ ಮಣ್ಣು ಕಲ್ಲಿನ ಕಟ್ಟಗಳಲ್ಲಿ, ಕಾಸರಗೋಡು ಭಾಗದ ಏತಡ್ಕದಂತಹ ಊರುಗಳಲ್ಲಿ ಈಗಲೂ ಕಾಣುವಂತೆ, ನೀರು ಬಳಸುವ ಕುಟುಂಬಗಳೇ ಆಳನ್ನೂ ಹಣವನ್ನೂ ಹಂಚಿಕೊಂಡು ವರ್ಷ ವರ್ಷ ಕಟ್ಟ ಕಟ್ಟುತ್ತಾ ಬಂದಿವೆ. ಕಾಂಕ್ರೀಟು ಬಂದ ಮೇಲೆ ಕಟ್ಟ ಸರ್ಕಾರದ್ದಾಯಿತು, ಹಲಗೆ ಅನಾಥವಾಯಿತು. ಹಳೆಯ ಪದ್ಧತಿ ಹಾಗೆಯೇ ಮರಳಿ ಬರಲಿ ಎನ್ನುವುದು ವ್ಯಾವಹಾರಿಕವಲ್ಲ; ಆಳುಗಳಿಲ್ಲ, ಯುವಕರು ಊರಿನಲ್ಲಿಲ್ಲ. ಆದರೆ ಹಲಗೆ ಏರಿಸಿ ಇಳಿಸುವ ಕೂಲಿಯನ್ನು ಬಳಕೆದಾರರು ಪಂಪಿನ ಅಶ್ವಶಕ್ತಿಗೆ ಅನುಗುಣವಾಗಿ ಹಂಚಿಕೊಳ್ಳುವುದು, ಹೊಸ ಹಲಗೆ ಹಾಗೂ ಕಾಂಕ್ರೀಟಿನ ದುರಸ್ತಿಯನ್ನು ಪಂಚಾಯಿತಿ ಅಥವಾ ಇಲಾಖೆ ಭರಿಸುವುದು ಎಂಬ ವಿಂಗಡಣೆ ನ್ಯಾಯವೆನಿಸುತ್ತದೆ. ಬಾವಿಯವರನ್ನು ಮೊದಲ ವರ್ಷವೇ ಒತ್ತಾಯಿಸಬೇಡಿ. ಕಟ್ಟ ಮುಚ್ಚುವ ಮುನ್ನ ಮತ್ತು ತಿಂಗಳ ಅನಂತರ ಅವರ ಬಾವಿಯ ನೀರಿನ ಮಟ್ಟವನ್ನು ಅವರ ಕೈಯಲ್ಲೇ ಅಳೆಸಿ ಬರೆದಿಡಿ. 2000ನೇ ಇಸವಿಯ ತಿದ್ದುಪಡಿಯ ಅನಂತರ ಕರ್ನಾಟಕ ನೀರಾವರಿ ಕಾಯ್ದೆಯಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಸ್ಥಾನವಿದೆ. ದೊಡ್ಡ ಕಟ್ಟಗಳಿರುವಲ್ಲಿ ಸಂಘದ ಮೂಲಕ ಲೆಕ್ಕ ಇಡುವುದು ಕಲಹಕ್ಕೆ ಒಳ್ಳೆಯ ಮದ್ದು.

ದುರಸ್ತಿಯಲ್ಲಿ ನೀವೇ ಪರಿಶೀಲಿಸಬಹುದಾದುವು ಹಲವಿವೆ. ಮರದ ಹಲಗೆಯ ತುದಿಗಳು ಮೊದಲು ಕೊಳೆಯುತ್ತವೆ. ಮೊಳೆ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಕಬ್ಬಿಣದ ಹಲಗೆಗೆ ತುಕ್ಕು ಹಿಡಿಯುತ್ತದೆ, ಗುಜರಿ ಬೆಲೆಯಿಂದಾಗಿ ಕಳವೂ ಆಗುತ್ತದೆ. ಫೈಬರ್ ಹಲಗೆ ಹಗುರ, ಕೊಳೆಯದು, ಕದ್ದವರಿಗೆ ಪ್ರಯೋಜನವಿಲ್ಲ. ಆದರೆ ಕಂಬದಲ್ಲಿ ಹಲಗೆ ಕೂರುವ ಸೀಳು ಸವೆದು ವಕ್ರವಾಗಿದ್ದರೆ ಎಷ್ಟು ಬೆಲೆಯ ಹಲಗೆಯೂ ಸೋರುತ್ತದೆ. ಹಲಗೆಗೆ ಹಣ ಹಾಕುವ ಮೊದಲು ಸೀಳನ್ನು ಸರಿಪಡಿಸಿ. ಎರಡು ಸಾಲು ಹಲಗೆಗಳ ನಡುವೆ ತುಂಬುವ ಮಣ್ಣು ಜಿಗುಟಾಗಿರಲಿ. ಮರಳು ಮಿಶ್ರಿತ ಮಣ್ಣು ವಾರದೊಳಗೆ ತೊಳೆದುಹೋಗುತ್ತದೆ. ಕೆಳಬದಿಯ ಕಾಂಕ್ರೀಟ್ ಹಾಸಿನ ಅಂಚಿನಲ್ಲಿ ಗುಂಡಿ ಬಿದ್ದಿದ್ದರೆ, ಅಥವಾ ಕಟ್ಟ ಮುಚ್ಚಿದ ಮೇಲೆ ಹಾಸಿನ ಅಡಿಯಿಂದ ಕೆಂಪು ನೀರು ಬುಗ್ಗೆಯಂತೆ ಬರುತ್ತಿದ್ದರೆ, ಅದು ಹಲಗೆಯ ದೋಷವಲ್ಲ, ಅಡಿಪಾಯದ ಮಣ್ಣು ಹೋಗುತ್ತಿರುವ ಗುರುತು. ಅಂಥಲ್ಲಿ ಮೇಲಿನ ಹಲಗೆಗಳನ್ನು ತೆಗೆದು ನೀರಿನ ಮಟ್ಟ ಇಳಿಸಿ, ಎಂಜಿನಿಯರರಿಗೆ ತಿಳಿಸಿ. ಚೀಲದಲ್ಲಿ ಮಣ್ಣು ತುಂಬಿ ಮುಚ್ಚುವ ಪ್ರಯತ್ನ ಬೇಡ.

ಈ ಸಾಲಿನಲ್ಲಿ ದುರಸ್ತಿ ಆಗುವುದೇ ಇಲ್ಲವೆಂದು ಡಿಸೆಂಬರಿನಲ್ಲಿ ಖಚಿತವಾದರೆ ಬೆಳೆಯ ಯೋಜನೆಯನ್ನು ಆಗಲೇ ಬದಲಿಸಿ. ಕೊಳಕೆ ಭತ್ತದ ಆಸೆ ಬಿಟ್ಟು, ಸುಗ್ಗಿಯ ಗದ್ದೆಯ ಉಳಿದ ತೇವದಲ್ಲಿ ಉದ್ದು ಅಥವಾ ಹೆಸರು ಬಿತ್ತುವುದು ಕ್ಷೇಮ. ಇರುವ ನೀರನ್ನು ಅಡಿಕೆಗೆ ಮೀಸಲಿಡಿ; ಬುಡಕ್ಕೆ ಸೊಪ್ಪು, ಸಿಪ್ಪೆಯ ಹೊದಿಕೆ ಜನವರಿಯೊಳಗೆ ಬೀಳಲಿ. ಮಾರ್ಚ್‌ನಿಂದ ಮೇವರೆಗಿನ ಬರಕ್ಕೆ ಒಮ್ಮೆ ಸಿಕ್ಕಿದ ಅಡಿಕೆ ಮರ ಹಿಂದಿನ ಇಳುವರಿಗೆ ಮರಳಲು ಎರಡು ಮೂರು ವರ್ಷ ಹಿಡಿಯುತ್ತದೆ. ದುರಸ್ತಿಯ ಅರ್ಜಿ ಬರೆಯುವಾಗ ಕಟ್ಟದ ಹಿನ್ನೀರನ್ನು ಅವಲಂಬಿಸಿದ ಮರಗಳ ಸಂಖ್ಯೆಯನ್ನೂ ಈ ಅವಧಿಯನ್ನೂ ನಮೂದಿಸಿ. ಮುಂದಿನ ವರ್ಷದ ಅರ್ಜಿಯನ್ನು ಅಕ್ಟೋಬರಿಗೆ ಕಾಯದೆ, ಹಲಗೆಗಳನ್ನು ತೆಗೆದು ಎಣಿಸಿ ಒಣಗಿಸಿ ಒಳಗಿಡುವ ಮೇ ತಿಂಗಳಲ್ಲಿಯೇ, ಕೊರತೆ ಕಣ್ಣೆದುರಿಗಿರುವಾಗ, ಪಂಚಾಯಿತಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ.