ಶಬ್ದಸೂಚಿ, ಮ್ಯಾಕ್ರೋ ಮತ್ತು ಸಂಶೋಧಕನ ಹೊಣೆ

ಸಂಶೋಧನ ಗ್ರಂಥವೊಂದರ ಉಪಯುಕ್ತತೆಯನ್ನು ನಿರ್ಧರಿಸುವ ಅಂಗಗಳಲ್ಲಿ ಶಬ್ದಸೂಚಿಯೂ ಒಂದು. ಅಂತಹ ಗ್ರಂಥವನ್ನು ಆದ್ಯಂತವಾಗಿ ಓದುವವರಂತೆಯೇ ಅದರಲ್ಲಿ ಒಂದು ಹೆಸರನ್ನೋ ಪರಿಭಾಷೆಯನ್ನೋ ಅರಸಿ ಬರುವವರೂ ಇರುತ್ತಾರೆ. ಹೀಗಿದ್ದೂ ಕನ್ನಡದ ಅನೇಕ ಸಂಶೋಧನ ಪ್ರಬಂಧಗಳು ಶಬ್ದಸೂಚಿಯಿಲ್ಲದೆಯೇ ಪ್ರಕಟವಾಗುತ್ತವೆ. ಚೀಟಿಗಳಲ್ಲಿ ಪದಗಳನ್ನು ಬರೆದು, ಅಕಾರಾದಿಯಾಗಿ ಜೋಡಿಸಿ, ಪುಟಸಂಖ್ಯೆಗಳನ್ನು ತಾಳೆ ನೋಡುವ ಶ್ರಮ ಇದಕ್ಕೆ ಮುಖ್ಯ ಕಾರಣ. ಗಣಕಯಂತ್ರದಲ್ಲಿಯೇ ಪ್ರಬಂಧ ಸಿದ್ಧವಾಗುವಾಗ ಈ ಕಾರಣಕ್ಕೆ ಹಿಂದಿನ ಬಲವಿಲ್ಲ.

ವರ್ಡ್ ತಂತ್ರಾಂಶದಲ್ಲಿ ಎರಡು ಅಂಕಣಗಳ ಪಟ್ಟಿಯೊಂದನ್ನು ಒದಗಿಸಿದರೆ, ಎಡಗಡೆಯ ರೂಪ ಪಠ್ಯದಲ್ಲಿ ಕಂಡಲ್ಲಿ ಬಲಗಡೆಯ ಶೀರ್ಷಪದವನ್ನು ಅದು ಗುರುತಿಸುತ್ತದೆ. 1997ರ ಆವೃತ್ತಿಯಿಂದ ದೊರೆತ ವಿಷುವಲ್ ಬೇಸಿಕ್ ಮ್ಯಾಕ್ರೋಗಳ ಮೂಲಕ ಈ ಕೆಲಸವನ್ನು ಮತ್ತಷ್ಟು ಸೂಕ್ಷ್ಮವಾಗಿ ನಡೆಸಬಹುದು. ಪಠ್ಯ ಬದಲಾದಾಗ ಪುಟಸಂಖ್ಯೆಗಳನ್ನು ಹೊಸದಾಗಿ ಪಡೆಯುವುದೂ ಸುಲಭ. ಆದರೆ ಯಂತ್ರಕ್ಕೆ ತಿಳಿಯುವುದು ಅಕ್ಷರಗಳ ಸರಣಿಯೇ ಹೊರತು ಪದವಲ್ಲ. ಕನ್ನಡದ ಮಟ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

'ರನ್ನ' ಎಂಬ ಹೆಸರನ್ನೇ ನಿದರ್ಶನವಾಗಿ ನೋಡಬಹುದು. ಕೇವಲ ಅಕ್ಷರಸರಣಿಯನ್ನು ಹುಡುಕುವ ಮ್ಯಾಕ್ರೋ 'ಅವರನ್ನು', 'ಯಾರನ್ನು' ಎಂಬ ರೂಪಗಳಲ್ಲಿಯೂ ರನ್ನನನ್ನು ಕಾಣುತ್ತದೆ. ಇಡೀ ಪದವನ್ನು ಮಾತ್ರ ಹುಡುಕುವಂತೆ ವಿಧಿಸಿದರೆ 'ರನ್ನನ', 'ರನ್ನನಿಗೆ', 'ರನ್ನನಲ್ಲಿ' ಎಂಬ ವಿಭಕ್ತಿರೂಪಗಳೆಲ್ಲ ತಪ್ಪಿಹೋಗುತ್ತವೆ. ಪದಾದಿಯಲ್ಲಿ ಮಾತ್ರ ಹುಡುಕಿದರೆ ಇವು ದೊರೆಯುತ್ತವೆ. ಆದರೆ 'ಪೊನ್ನರನ್ನರು' ಎಂಬ ಸಮಾಸ ಕೈಬಿಡುತ್ತದೆ. ವಿಭಕ್ತಿ, ಸಂಧಿ, ಸಮಾಸಗಳ ಅರಿವುಳ್ಳವರು ಪಟ್ಟಿಯನ್ನು ರೂಪಿಸದಿದ್ದರೆ ಮ್ಯಾಕ್ರೋ ತಪ್ಪನ್ನೇ ಅತಿವೇಗವಾಗಿ ಮಾಡುತ್ತದೆ.

ರೂಪ ಸರಿಯಾಗಿ ದೊರೆತಾಗಲೂ ಅರ್ಥದ ಪ್ರಶ್ನೆ ಉಳಿಯುತ್ತದೆ. ಛಂದೋಂಬುಧಿಯ ನಾಗವರ್ಮನೂ ಕಾವ್ಯಾವಲೋಕನದ ನಾಗವರ್ಮನೂ ಯಂತ್ರಕ್ಕೆ ಒಬ್ಬನೇ. 'ಅಭಿನವ ಪಂಪ' ಎಂದಿರುವಲ್ಲಿ ಅದು ಪಂಪನನ್ನು ನಮೂದಿಸುತ್ತದೆ; ಆ ಉಲ್ಲೇಖ ಸೇರಬೇಕಾದುದು ನಾಗಚಂದ್ರನ ಹೆಸರಿನಡಿ. ಇಂತಹ ವಿವೇಚನೆ ಸಾಹಿತ್ಯಚರಿತ್ರೆಯನ್ನು ಬಲ್ಲವರಿಂದ ಮಾತ್ರ ಸಾಧ್ಯ.

ಅಕಾರಾದಿ ಜೋಡಣೆಯಲ್ಲಿಯೂ ಎಚ್ಚರ ಅಗತ್ಯ. ಹಳೆಯ ನುಡಿ, ಬರಹ ಅಕ್ಷರಶೈಲಿಗಳ ಕಡತಗಳಲ್ಲಿ ಸಂಗ್ರಹವಾಗಿರುವುದು ಅಕ್ಷರಭಾಗಗಳ ಆಕಾರಗಳ ಸಂಕೇತ. ಅವುಗಳಿಂದ ವರ್ಣಮಾಲೆಯ ಕ್ರಮ ದೊರೆಯದು. ಆದ್ದರಿಂದ ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ಯುನಿಕೋಡಿನಲ್ಲಿಯೂ ಳಕಾರದ ಸಂಕೇತಸಂಖ್ಯೆ ವಕಾರಕ್ಕಿಂತ ಮೊದಲು ಬರುತ್ತದೆ. ಆ ಸಂಖ್ಯೆಯನ್ನು ಮಾತ್ರ ಅನುಸರಿಸುವ ಮ್ಯಾಕ್ರೋ 'ಕಳಚುರಿ'ಯನ್ನು 'ಕವಿರಾಜಮಾರ್ಗ'ಕ್ಕಿಂತ ಮೊದಲು ಇರಿಸುತ್ತದೆ. ಳಕಾರ ಹಕಾರದ ನಂತರ ಬರುವ ಕನ್ನಡ ವರ್ಣಮಾಲೆಗೆ ಇದು ಒಪ್ಪುವುದಿಲ್ಲ. ರಕಾರ, ಲಕಾರಗಳ ನಡುವೆ ಸಂಕೇತ ಪಡೆದಿರುವ ಱಕಾರ, ಹಕಾರಕ್ಕಿಂತ ಬಹಳ ಮುಂದೆ ಸಂಕೇತ ಪಡೆದಿರುವ ೞಕಾರ ಇವುಗಳ ಸ್ಥಾನವನ್ನು ಹಳಗನ್ನಡ ಗ್ರಂಥಗಳ ಸಂಪಾದಕರು ತಾವೇ ನಿರ್ಧರಿಸಿ ಮ್ಯಾಕ್ರೋಗೆ ತಿಳಿಸಬೇಕಾಗುತ್ತದೆ.

ಈ ತೊಡಕುಗಳನ್ನು ಮುಂದುಮಾಡಿ ಮ್ಯಾಕ್ರೋ ನಂಬಲರ್ಹವಲ್ಲವೆಂದು ಕೈಬಿಡುವುದು ಸರಿಯಲ್ಲ. ಕೈಯಿಂದ ಮಾಡಿದ ಸೂಚಿಯಲ್ಲಿಯೂ ದೋಷಗಳುಂಟು. ಅಲ್ಲಿ ಅವು ಎಲ್ಲೆಂದರಲ್ಲಿ ಚದುರಿರುತ್ತವೆ. ಮ್ಯಾಕ್ರೋದ ತಪ್ಪಾದರೋ ನಿಯಮಬದ್ಧವಾದುದು. ಪಟ್ಟಿಯಲ್ಲಿ ಒಂದು ಸಾಲನ್ನು ತಿದ್ದಿದರೆ ಅದು ಗ್ರಂಥದಾದ್ಯಂತ ಸರಿಹೋಗುತ್ತದೆ. ಆದುದರಿಂದ ಶ್ರಮವಿಭಜನೆ ಸ್ಪಷ್ಟವಾಗಿರಬೇಕು. ಹುಡುಕುವುದು, ಗುರುತಿಸುವುದು, ಜೋಡಿಸುವುದು ಯಂತ್ರದ ಪಾಲು. ಶೀರ್ಷಪದಗಳ ಆಯ್ಕೆ, ರೂಪಗಳ ನಿರ್ಣಯ ಮತ್ತು ಕೊನೆಯ ಪರಿಶೀಲನೆ ಸಂಶೋಧಕನ ಪಾಲು. ಮುದ್ರಣಾಲಯದಲ್ಲಿ ಬೇರೊಂದು ತಂತ್ರಾಂಶದಿಂದ ಪುಟವಿನ್ಯಾಸವಾಗುವುದಾದರೆ ಪುಟಸಂಖ್ಯೆಗಳು ಬದಲಾಗುವುದರಿಂದ, ಸೂಚಿ ಆ ಅಂತಿಮ ಪುಟಗಳನ್ನೇ ಆಧರಿಸಬೇಕು.

ಕನ್ನಡ ವಿಭಾಗಗಳು ಸಂಶೋಧನ ವಿಧಾನದ ಪಾಠಕ್ರಮದಲ್ಲಿ ಈ ಅಭ್ಯಾಸಕ್ಕೆ ಸ್ಥಾನ ನೀಡುವುದು ಉಚಿತ. ವಿದ್ಯಾರ್ಥಿಗಳು ಸಿದ್ಧಪಡಿಸಿದ ರೂಪಪಟ್ಟಿಗಳನ್ನು ವಿಭಾಗಗಳು ಕಾಯ್ದಿರಿಸಿದರೆ ಕವಿ, ಕೃತಿ, ಸ್ಥಳನಾಮಗಳ ಪಟ್ಟಿ ಮುಂದಿನ ಪ್ರಬಂಧಕ್ಕೂ ನೆರವಾಗುತ್ತದೆ. ವರ್ಷಗಳ ಶ್ರಮದಿಂದ ಸಂಗ್ರಹಿಸಿದ ಮಾಹಿತಿ ಮುಂದಿನ ಸಂಶೋಧಕನಿಗೆ ದೊರೆಯದೆ ಹೋದರೆ ಆ ಶ್ರಮದ ಬಹುಭಾಗ ವ್ಯರ್ಥವಾದಂತೆಯೇ ಸರಿ.